ಬರ್ತೀನಿ ಎನ್ನುತ್ತಿದ್ದ ಕಂಪ್ಯೂಟರ್

ನಮ್ಮ ಕೆಳಮನೆಯ ಜಯವ್ವನ ಕಂಪ್ಯೂಟರ್ ಬಂದ್ ಮಾಡಿದಾಗ ಮಾತಾಡುತ್ತಿತ್ತು. "ಬರ್ತೀನಿ, ಜಯಾ" ಎಂದು ಗಂಡಸಿನ ದನಿ. ಮೊದಲ ಸಲ ಕೇಳಿದಾಗ ಯಾರೋ ನೆಂಟರು ಹೊರಟರೆಂದು ನಾನು ಸೆರಗು ಸರಿಮಾಡಿಕೊಂಡು ಎದ್ದು ನಿಂತಿದ್ದೆ. ಜಯವ್ವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಅದು ಅವಳ ಗಂಡ ನೀಲಕಂಠಪ್ಪನವರ ದನಿ. ಗದಗಿನ ಕಡೆಯವರು, ಇಲ್ಲಿ ನಾಗಪುರದ ಸರ್ಕಾರಿ ಕಚೇರಿಯೊಂದರಲ್ಲಿ ಆಯುಷ್ಯ ಸವೆಸಿದವರು. ಮನೆಯಲ್ಲೇ ಗುಳೇದಗುಡ್ಡದ ಕುಪ್ಪಸದ ಖಣ ಮಾರುವ ಹೆಂಡತಿಗೆ ಕಂಪ್ಯೂಟರಿನಲ್ಲಿ ಬಿಲ್ಲು ಮಾಡಲು ಕಲಿಸಿದ್ದು ಅವರೇ. ಹಳೆಯ ವಿಂಡೋಸ್ ಮುಚ್ಚುವಾಗ ಬರುತ್ತಿದ್ದ ಟುಣ್ ಸದ್ದನ್ನು ತೆಗೆದು ತಮ್ಮ ದನಿ ಕೂರಿಸಿದ್ದರು. ಮನೆಯಿಂದ ಹೊರಡುವವರು 'ಹೋಗ್ತೀನಿ' ಅನ್ನಬಾರದು, 'ಬರ್ತೀನಿ' ಅನ್ನಬೇಕು. ಒಳಗಿದ್ದವರು 'ಹೋಗಿ ಬರ್ರಿ' ಎಂದು ಕಳಿಸಬೇಕು. ಕಂಪ್ಯೂಟರಿಗೂ ಅಷ್ಟು ರೀತಿ ರಿವಾಜು ಇರಲಿ ಎಂದು ಅವರ ತಮಾಷೆ.

ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಅವರು ಹತ್ತಿರದ ಕಳಮೇಶ್ವರಕ್ಕೆ ಹೊರಟು, ಬಾಗಿಲಲ್ಲಿ ನಿಂತು 'ಬರ್ತೀನಿ' ಎಂದರು. ಅದೇನೋ ಮುನಿಸು, ಜಯವ್ವ ಒಳಗಿಂದ ಉತ್ತರ ಕೊಡಲಿಲ್ಲ. ದಾರಿಯಲ್ಲೇ ಅವರ ಎದೆಬಡಿತ ನಿಂತಿತು. ಅಂದಿನಿಂದ ದಿನಾ ಸಂಜೆ ಕಂಪ್ಯೂಟರ್ ಬಂದ್ ಮಾಡುವಾಗ ಆ ದನಿಗೆ ಅವಳು 'ಹೋಗಿ ಬರ್ರಿ' ಎನ್ನುತ್ತಿದ್ದಳು. ಅದೊಂದು ಮಾತು ಹೇಳಲಿಕ್ಕೆಂದೇ ವ್ಯಾಪಾರವಿಲ್ಲದ ದಿನವೂ ಕಂಪ್ಯೂಟರ್ ಹಚ್ಚುತ್ತಿದ್ದಳು.

ಕೆಲಸ ಮುಗಿಸಿ ತಡವಾಗಿ ಮನೆಗೆ ಬರುವ ಮಗಳು ಶಾಂಭವಿಗೆ ಇದು ಗೊತ್ತಿರಲಿಲ್ಲ. ಹಳೆಯ ವಿಂಡೋಸ್‌ನಲ್ಲಿ ಬ್ಯಾಂಕಿನ ಪುಟ ತೆರೆಯುತ್ತಿಲ್ಲವೆಂದು ಅಂಗಡಿಯಲ್ಲಿ ಹೊಸ ಡಿಸ್ಕ್ ಹಾಕಿಸಿ, ಹೊಸ ವಿಂಡೋಸ್ ತುಂಬಿಸಿಕೊಂಡು ಬಂದಳು. ಬಿಲ್ಲು, ಫೋಟೋ ಎಲ್ಲ ಬರೋಬರ್ ಬಂದಿದ್ದವು. ಸಂಜೆ ಬಂದ್ ಮಾಡಿದರೆ ಪರದೆ ಕಪ್ಪಾಯಿತು, ಅಷ್ಟೇ. ಜಯವ್ವ ಮೌಸಿನ ಮೇಲಿನ ಕೈ ತೆಗೆಯದೆ ಕಾದಳು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು. ತಪ್ಪಿಲ್ಲವೆಂದು ಗೊತ್ತಿದ್ದೂ ನನಗೆ ಶಾಂಭವಿಯ ಮೇಲೆ ಕೆಟ್ಟ ಸಿಟ್ಟು ಬಂತು. ಆ ದನಿಯ ವಿಷಯ ನಾನೇ ಅವಳಿಗೆ ಹೇಳಿದೆ.

ಪುಣ್ಯಕ್ಕೆ ಅಂಗಡಿಯವನು ಹಳೆಯ ಡಿಸ್ಕನ್ನು ಎಸೆದಿರಲಿಲ್ಲ. ಭಾನುವಾರ ಶಾಂಭವಿ ಅದನ್ನೆಲ್ಲ ಜಾಲಾಡಿ ಅಪ್ಪನ ದನಿಯ ಫೈಲ್ ಹುಡುಕಿ ತೆಗೆದಳು. ಆದರೆ ಹೊಸ ವಿಂಡೋಸಿಗೆ ಹೊರಡುವಾಗ ಸದ್ದು ಮಾಡುವ ಪದ್ಧತಿಯೇ ಇಲ್ಲವಂತೆ. ಹೇಳದೆ ಕೇಳದೆ ಎದ್ದುಹೋಗುವ ಜಾತಿ. ಕೊನೆಗೆ ಅವಳು ಫೈಲನ್ನು ಪರದೆಯ ಮೇಲಿಟ್ಟು, ಬೇಕಾದಾಗ ಇದನ್ನು ಒತ್ತು ಅವ್ವಾ ಎಂದು ತೋರಿಸಿದಳು.

ಜಯವ್ವ ಒತ್ತಿದಳು.

"ಬರ್ತೀನಿ, ಜಯಾ."

ಅಲ್ಲಿಗೆ ಮುಗಿಯಲಿಲ್ಲ. ಮೊದಲೆಲ್ಲ ಕಂಪ್ಯೂಟರ್ ಅಷ್ಟರಲ್ಲಿ ಆರಿಬಿಡುತ್ತಿದ್ದುದರಿಂದ ಮಿಕ್ಕದ್ದನ್ನು ನಾವ್ಯಾರೂ ಕೇಳಿರಲಿಲ್ಲ. ಒಂದು ಗಳಿಗೆ ಮೌನ, ಕುಕ್ಕರಿನ ಸೀಟಿ, ಆಮೇಲೆ ಅಡುಗೆಮನೆಯಿಂದ ಜಯವ್ವನದೇ ಎಳೆಯ ದನಿ, ಗಂಡ ದನಿ ತುಂಬುತ್ತಿದ್ದಾರೆಂದು ಅರಿಯದೆ, ನಿಜವಾಗಿಯೂ ಹೊರಟರೆಂದು ತಿಳಿದು: "ಹ್ಞೂಂ, ಹೋಗಿ ಬರ್ರಿ. ಜಲ್ದಿ ಬರ್ರಿ ಮತ್ತ." ನೀಲಕಂಠಪ್ಪನವರು ನಕ್ಕರು. ಫೈಲ್ ಮುಗಿಯಿತು.

ಜಯವ್ವ ಮೌಸಿನಿಂದ ಕೈ ತೆಗೆದಳು.

"ನಾ ಅಂದೀನಿ ನೋಡ್ರಿ, ಸಾವಿತ್ರಮ್ಮಾ," ಎಂದಳು ನನಗೆ. "ಜಲ್ದಿ ಬರ್ರಿ ಅಂತನೂ ಅಂದೀನಿ."

ಬಾಗಿಲ ಕಡೆ ನೋಡಿದಳು.

"ಆದ್ರೂ ಬರಲಿಲ್ಲಲ್ಲ ಅವರು."