ನನ್ನ ತಲೆಯ ಬಿಸಿ, ಅಜ್ಜಿಯ ಮದರಂಗಿ

ಗಡಹಿಂಗ್ಲಜದಲ್ಲಿರುವ ನನ್ನ ಅಜ್ಜಿಯ ಪ್ರಕಾರ ಗುಂಗುರು ಕೂದಲೆಂದರೆ ತಲೆಯೊಳಗಿನ ಬಿಸಿ ಹೊರಗೆ ಬಿದ್ದದ್ದು. ಕೆಂಡದ ಮೇಲೆ ಹಿಡಿದ ಹಪ್ಪಳ ಮುದುಡುವುದಿಲ್ಲವೇ, ಹಾಗೆ. ತಲೆ ಬಿಸಿಯಾದವರು ಜಗಳಗಂಟರಾಗುತ್ತಾರೆ, ಆದ್ದರಿಂದ ಗುಂಗುರಿನವರೆಲ್ಲ ಜಗಳಗಂಟರು. ಬಿಸಿಗೆ ಮದ್ದು ತಂಪು, ತಂಪಿಗೆ ಮದರಂಗಿ. ಈ ಸರಪಳಿಯ ಯಾವ ಕೊಂಡಿ ಎಲ್ಲಿ ತುಂಡಾಗಿದೆ ಎಂದು ತೋರಿಸಲು ನಾನು ಬಾಯಿ ತೆರೆದರೆ ಸಾಕು, ಅಜ್ಜಿ ಅವ್ವನ ಕಡೆ ತಿರುಗುತ್ತಾಳೆ.

"ನೋಡಿದೇನ, ಬಿಸಿ ಏರಾಕತ್ತೈತಿ. ಮದರಂಗಿ ಕಡಾಯಿ ತಾ."

ನಾನು ಕೊಲ್ಹಾಪುರದ ಕಾಲೇಜಿನ ವಾದಸ್ಪರ್ಧೆಯ ತಂಡದಲ್ಲಿದ್ದೇನೆ. ನಮಗೆ ಕಲಿಸುವ ಸರ್ ಏನೇ ಹೇಳಿದರೂ ಮರಾಠಿಯಲ್ಲಿ ಒಂದೇ ಪ್ರಶ್ನೆ ಎಸೆಯುತ್ತಾರೆ: "ಪುರಾವಾ ಕುಠೇ ಆಹೆ?" ಪುರಾವೆ ಎಲ್ಲಿದೆ? ಅವರು ಕಲಿಸಿದ ಇನ್ನೊಂದು ಪಾಠ, ಯಾವ ಪುರಾವೆಗೂ ಸೋಲದ ಮಾತನ್ನು ನಂಬಬಾರದು ಎಂಬುದು. ಅಜ್ಜಿಯ ಸಿದ್ಧಾಂತ ಸರಿಯಾಗಿ ಆ ಜಾತಿಯದು. ನಾನು ಒಪ್ಪಿದರೆ ಅಜ್ಜಿ ಸರಿ. ಒಪ್ಪದಿದ್ದರೆ ನನ್ನ ತಲೆ ಬಿಸಿಯಾಗಿದೆ, ಅಂದರೆ ಅಜ್ಜಿ ಇನ್ನೂ ಸರಿ. ವೇದಿಕೆಯ ಮೇಲೆ ಎದುರಾಳಿಯ ಮಾತನ್ನು ಎಳೆ ಎಳೆಯಾಗಿ ಬಿಚ್ಚುವ ನಾನು ಪ್ರತಿ ರಜೆಯಲ್ಲೂ ಅಜ್ಜಿಯ ಹಿತ್ತಿಲ ಬಚ್ಚಲಗಲ್ಲಿನ ಮೇಲೆ, ಹೆಗಲಿಗೆ ಹಳೆಯ ಟವೆಲ್ ಹೊದ್ದು, ಕಿವಿಯ ಹಿಂದೆ ಹಸಿರು ನೀರು ಇಳಿಸಿಕೊಳ್ಳುತ್ತ ಕೂತಿರುತ್ತಿದ್ದೆ.

ಅಜ್ಜಿಯ ಮದರಂಗಿ ಅಂಗಡಿಯ ಪ್ಯಾಕೆಟ್ಟಿನದಲ್ಲ. ಹಿತ್ತಿಲ ಗಿಡದ ಎಲೆಯನ್ನು ನೆರಳಿನಲ್ಲಿ ಒಣಗಿಸಿ, ಮಿಕ್ಸರಿಗೆ ಹಾಕಿ, ಹಳೆಯ ಸೀರೆಯ ತುಂಡಿನಲ್ಲಿ ಸೋಸಿ, ಕಬ್ಬಿಣದ ಕಡಾಯಿಯಲ್ಲಿ ಕಪ್ಪು ಚಹಾ, ಮೊಸರು, ಮೆಂತ್ಯದ ಹಿಟ್ಟು ಸೇರಿಸಿ ಕಲಸಿಡುತ್ತಾಳೆ. ಮರುದಿನ ಬೆಳಿಗ್ಗೆ ಅದು ಎಮ್ಮೆಯ ಸಗಣಿಯ ಹದಕ್ಕೆ ಬಂದಿರುತ್ತದೆ. ಒಪ್ಪಬೇಕಾದ್ದನ್ನು ಒಪ್ಪುತ್ತೇನೆ. ಕೂದಲು ಮೆತ್ತಗಾಗುತ್ತದೆ, ಹೊಳೆಯುತ್ತದೆ, ಬಿಸಿಲಿಗೆ ನಿಂತರೆ ಬಣ್ಣವೂ ಚೆಂದ.

ಆದರೆ ಮೂರನೆಯ ರಜೆ ಮುಗಿಸಿ ಹಾಸ್ಟೆಲ್ಲಿಗೆ ಬಂದ ದಿನ ಕನ್ನಡಿಯ ಮುಂದೆ ನಿಂತು ಎಡಗಿವಿಯ ಪಕ್ಕದ ಸುರುಳಿಯನ್ನು ಎಳೆದು ಬಿಟ್ಟೆ. ಮೊದಲಾದರೆ ಅದು ಟಕ್ಕನೆ ಕಿವಿಯ ಮಟ್ಟಕ್ಕೆ ಹಾರುತ್ತಿತ್ತು. ಈಗ ಅರ್ಧ ದಾರಿಗೆ ಬಂದು ಯೋಚಿಸುತ್ತ ನಿಂತಿತು. ಮತ್ತೆ ಎಳೆದೆ. ಮತ್ತೆ ಅಲ್ಲೇ. ಮದರಂಗಿ ಕೂದಲಿಗೆ ಹತ್ತಿ, ಒಂದರ ಮೇಲೊಂದು ಸಲ ಭಾರವಾಗುತ್ತ ಹೋಗಿ ಸುರುಳಿಯನ್ನು ಬಿಚ್ಚುತ್ತಿತ್ತು. ಎಷ್ಟು ತೊಳೆದರೂ ಅದು ಬಿಡಲಿಲ್ಲ. ಹೊಸ ಕೂದಲು ಬುಡದಿಂದ ಬರುವ ತನಕ ಕಾಯುವುದೊಂದೇ ದಾರಿ, ಅಷ್ಟರಲ್ಲಿ ಮುಂದಿನ ರಜೆ ಬರುತ್ತದೆ. ನನ್ನ ಸುರುಳಿಗಳೆಂದರೆ ನನಗೆ ಭಾಳ ಇಷ್ಟ. ಇದಕ್ಕೆ ಪುರಾವೆ ಕೊಡಬೇಕಾಗಿಲ್ಲ ಅಂದುಕೊಂಡಿದ್ದೇನೆ. ಅಜ್ಜಿಗೆ ಫೋನಿನಲ್ಲಿ ಹೇಳಿದರೆ ಆಕೆಗೆ ಸಂತೋಷವೇ ಆಯಿತು. ಬಿಸಿ ಇಳಿಯಲು ಹತ್ತಿದೆಯಂತೆ.

ಮುಂದಿನ ಸಲ ತಯಾರಾಗಿಯೇ ಹೋದೆ. ಪ್ರಯೋಗ ಮಾಡೋಣ ಅಂದೆ. ಎಡಕ್ಕೆ ಹಚ್ಚು, ಬಲಕ್ಕೆ ಬಿಡು. ನನ್ನ ಸ್ವಭಾವ ಬದಲಾದರೆ ನೋಡೋಣ.

ಅಜ್ಜಿ ಕಲಸುವುದನ್ನು ನಿಲ್ಲಿಸಲೇ ಇಲ್ಲ. "ಅರ್ಧ ಕೊಡ ಬಿಸಿನೀರು, ಅರ್ಧ ಕೊಡ ತಣ್ಣೀರು, ಎಲ್ಲ್ಯರ ಕಂಡೀಯೇನ?"

ಆ ಸಲವೂ ಟವೆಲ್ ಹೊದ್ದು ಕೂತು ಎರಡೂ ಕಡೆ ಹಚ್ಚಿಸಿಕೊಂಡೆ. ಇವತ್ತಿಗೂ ಅದು ನನಗೆ ಸಿಟ್ಟು ತರಿಸುತ್ತದೆ.

ಅಷ್ಟು ಸಾಲದೆಂದು ಅಜ್ಜಿಯ ಬಳಿ ಒಂದು ಸಾಕ್ಷಿಯಿತ್ತು: ನನ್ನ ಅವ್ವ. ಅವ್ವನ ಕೂದಲು ನೆಟ್ಟಗೆ, ಎಣ್ಣೆ ಹಚ್ಚಿ ಹೆಣೆದರೆ ಹಗ್ಗದಂತೆ ಬೆನ್ನಿಗೆ ಬೀಳುವ ಜಡೆ. ಸೊಸೆಯಾಗಿ ಬಂದಾಗಿನಿಂದ ಮದರಂಗಿ ತಪ್ಪಿಸಿಲ್ಲ, ಎದುರು ಮಾತೂ ಆಡಿಲ್ಲ. ನಿಮ್ಮವ್ವನ ಕೂದಲೂ ನೆಟ್ಟಗ, ಮಾತೂ ನೆಟ್ಟಗ, ಎಂದು ಅಜ್ಜಿ ಸಾರಿ ಸಾರಿ ಹೇಳುತ್ತಿದ್ದಳು. ನಾನು ಅದನ್ನೇ ತಿರುಗಿಸಿ, ಹಾಗಾದರೆ ನನ್ನ ಗುಂಗುರು ನಿಮ್ಮ ಮನೆತನದಿಂದಲೇ ಬಂದಿರಬೇಕು ಅಂದಿದ್ದೆ. ಅಪ್ಪನನ್ನು ಕೇಳಿ ಉಪಯೋಗವಿರಲಿಲ್ಲ, ನನಗೆ ನೆನಪಿರುವಂತೆ ಅವರ ತಲೆ ಬೋಳು. ಅಜ್ಜಿ ಆ ದಿನ ಊಟದ ತನಕ ಮಾತು ಬಿಟ್ಟಳು. ನಾನು ಗೆದ್ದೆ ಅಂದುಕೊಂಡೆ. ಸಂಜೆ ಕಡಾಯಿ ಬಂತು.

ಅವ್ವ ಅಪ್ಪ ಇರುವುದು ಇಚಲಕರಂಜಿಯಲ್ಲಿ. ಅವ್ವ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಕಂಡಿಕೆಗೆ, ಅಂದರೆ ಲಾಳಿಯೊಳಗಿನ ಕೊಳವೆಗೆ, ನೂಲು ಸುತ್ತುತ್ತಾಳೆ. ಈ ಸಲದ ರಜೆಯಲ್ಲಿ ಅವಳ ಬಲಭುಜ ನೋಯುತ್ತಿತ್ತು, ಕೈ ಮೇಲೆತ್ತಲಾಗುತ್ತಿರಲಿಲ್ಲ. ಅಜ್ಜಿ ಕಳಿಸಿದ ಪುಡಿಯನ್ನು ನೆನೆಸಿಟ್ಟು, ಇವತ್ತೊಂದು ದಿನ ನೀನೇ ಹಚ್ಚು ಅಂದಳು. ಅಜ್ಜಿಯ ಅಸ್ತ್ರವನ್ನು ನನ್ನ ಕೈಯಿಂದಲೇ ಹಚ್ಚಿಸುವ ಈ ಏರ್ಪಾಡು ನನಗೆ ಹಿಡಿಸಲಿಲ್ಲ. ಆದರೂ ಭುಜ ಭುಜವೇ. ಜಡೆ ಬಿಚ್ಚಿದೆ, ಬೈತಲೆ ತೆಗೆದೆ, ಹಚ್ಚುತ್ತ ಹಚ್ಚುತ್ತ ಹಿಂದಕ್ಕೆ ಬಂದೆ. ಕೂದಲನ್ನೆಲ್ಲ ಎತ್ತಿ ಹಿಡಿದಾಗ ಕುತ್ತಿಗೆಯ ಮೇಲೆ, ಯಾರ ಕೈಯೂ ಸರಿಯಾಗಿ ತಲುಪದ ಜಾಗದಲ್ಲಿ, ಕಪ್ಪು ಉಂಗುರಗಳು. ಒಂದನ್ನು ಎಳೆದು ಬಿಟ್ಟೆ. ಟಕ್ಕನೆ ಹಾರಿ ತನ್ನ ಜಾಗಕ್ಕೆ ಹೋಯಿತು.

"ಅವ್ವಾ, ನಿನ್ನ ಕೂದಲ ಗುಂಗುರ ಅದಾವು."

"ಅದಾವಲ್ಲ."

"ಯಾವಾಗಿಂದ?"

"ಹುಟ್ಟಿದಾಗಿಂದ. ಮದುವಿ ಆಗಿ ಬಂದ ಮ್ಯಾಲ ನಿಮ್ಮಜ್ಜಿ ಹಚ್ಚಾಕತ್ರು, ಹಾಂಗ ಇಳದ ಹೋದುವು."

ಗುಂಗುರು ಬುಡದಲ್ಲಿ ಇನ್ನೂ ಇದೆ, ಅವ್ವ ಜಗಳಗಂಟಿ ಮಾತ್ರ ಅಲ್ಲ. ಇಷ್ಟು ವರ್ಷ ಅಜ್ಜಿ ಮುಂದಿಟ್ಟ ಸಾಕ್ಷಿಯೇ ಸುಳ್ಳು. ನೀನು ಒಂದು ಮಾತು ಯಾಕೆ ಹೇಳಲಿಲ್ಲ ಎಂದು ರೇಗಿದೆ.

"ಯಾರ ಕೇಳೀರಿ?" ಅಂದಳು ಅವ್ವ.

ಕೇಳಿರಲಿಲ್ಲ. ಪುರಾವೆ ಪುರಾವೆ ಎಂದು ಊರೆಲ್ಲ ಕೂಗಿದ ನಾನು, ಮನೆಯಲ್ಲೇ ಕೂತಿದ್ದ ಸಾಕ್ಷಿಗೆ ಒಂದೇ ಒಂದು ಪ್ರಶ್ನೆ ಹಾಕಿರಲಿಲ್ಲ. ಆ ಸಿಟ್ಟನ್ನೂ ಅವಳ ಮೇಲೆಯೇ ತೀರಿಸಿಕೊಂಡೆ. ಹಚ್ಚುವುದನ್ನು ಇವತ್ತೇ ನಿಲ್ಲಿಸು, ಬುಡದಿಂದ ಗುಂಗುರು ಮತ್ತೆ ಬರುತ್ತದೆ ಎಂದು ಒಂದರ ಹಿಂದೊಂದು ಕಾರಣ ಪೇರಿಸಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ಶೆಡ್ಡಿನಲ್ಲಿ ಹತ್ತಿಯ ಧೂಳು ಗುಂಗುರಿನಲ್ಲಿ ಹೊಕ್ಕರೆ ಬಾಚಣಿಗೆಗೂ ಬರುವುದಿಲ್ಲ, ಕೂದಲು ಚಪ್ಪಟೆಯಾಗಿದ್ದರೆ ತಲೆಗೆ ಕಟ್ಟಿದ ಬಟ್ಟೆ ಸರಿಯಾಗಿ ಕೂರುತ್ತದೆ ಅಂದಳು. ಅಜ್ಜಿ ತಂಪಿಗೆಂದು ಹಚ್ಚಿದಳಂತೆ, ತಾನು ಧೂಳಿಗೆಂದು ಹಚ್ಚಿಸಿಕೊಂಡಳಂತೆ, ಅಷ್ಟೇ.

"ನಂದು ಹೋಗಲಿ. ನಿಂದು ನಿನಗ ಬೇಕೇನ?"

ಬೇಕು ಅಂದೆ.

"ಹಂಗಾರ ನಾಡದು ನನ್ನ ಜೋಡಿ ಅಜ್ಜಿ ಮನಿಗಿ ಬಂದು ಸುಮ್ಮ ಕುಂದರು. ಸುಮ್ಮ ಅಂದ್ರ ಸುಮ್ಮ."

ಗಡಹಿಂಗ್ಲಜದಲ್ಲಿ ನಾವು ಊಟಕ್ಕೆ ಕೂತಾಗ ಕಡಾಯಿ ಆಗಲೇ ಕಟ್ಟೆಯ ಮೇಲೆ ಹೊರಬಂದಿತ್ತು. ಅವ್ವ ರೊಟ್ಟಿ ಮುರಿಯುತ್ತ, ಮಳೆಯ ಸುದ್ದಿ ಹೇಳುವವಳ ಹಾಗೆ ಹೇಳಿದಳು: "ಅತ್ತಿ, ಈಕಿ ತಲಿ ಪೂರಾ ತಂಪಾಗೈತ್ರಿ. ಇನ್ನ ಹಚ್ಚಿದ್ರ ನೆಗಡಿ ಹಿಡೀತೈತಿ."

ಇಂಥ ಮಾತನ್ನು ನಮ್ಮ ಸರ್ ಕೇಳಿದ್ದರೆ ವೇದಿಕೆಯಿಂದಲೇ ಇಳಿಸುತ್ತಿದ್ದರು. ಆಧಾರ ಸುಳ್ಳು, ತೀರ್ಮಾನ ಸುಳ್ಳು, ನೆಗಡಿಯಂತೂ ಅಪ್ಪಟ ಸುಳ್ಳು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಂಬಲಿಲ್ಲ. ಪರೀಕ್ಷೆ ಮಾಡಬೇಕಲ್ಲ, ಆ ಮಟ್ಟಿಗೆ ಆಕೆ ನನ್ನ ಅಜ್ಜಿಯೇ.

"ವಾದ ಮಾಡೂ ಹುಡುಗ್ಯಾರ ಮಾರಿ ದಿನಾ ಹೋದಂಗ ಕರ್ರಗ ಆಗತೈತಿ, ಗೊತ್ತೈತೇನ?" ಅಂದಳು, ನನ್ನ ಕಡೆಯೇ ನೋಡುತ್ತ.

ನನ್ನ ಬಳಿ ಮೂರು ಉತ್ತರಗಳು ಸಿದ್ಧವಾಗಿದ್ದವು. ಮೊದಲನೆಯದು ನಾಲಿಗೆಯ ತುದಿಗೇ ಬಂದಿತ್ತು. ತಾಟಿನ ಪಕ್ಕದಲ್ಲಿ ಅವ್ವನ ಮೊಣಕಾಲು ನನ್ನ ಮೊಣಕಾಲನ್ನು ಒತ್ತಿತು. ಕಿವಿಯ ಬುಡದಲ್ಲಿ ಈಚೆಗೆ ಹುಟ್ಟಿದ ಗಿಡ್ಡ ಸುರುಳಿಯೊಂದು ಕೆನ್ನೆಗೆ ತಾಗುತ್ತಿತ್ತು.

"ಚಟ್ನಿ ಹಾಕ ಅಜ್ಜಿ," ಅಂದೆ.

ಅಜ್ಜಿ ಚಟ್ನಿ ಹಾಕಿದಳು. ಖರೆನೇ ತಂಪಾಗ್ಯಾಳ, ಎಂದು ಸಂತೋಷದಿಂದ ಎದ್ದು ಕಡಾಯಿಯನ್ನು ಮತ್ತೆ ಅಟ್ಟಕ್ಕೆ ಏರಿಸಿದಳು. ತನ್ನ ಸಿದ್ಧಾಂತ ಗೆದ್ದ ತೃಪ್ತಿ ಅವಳ ಬೆನ್ನಿನಲ್ಲೂ ಕಾಣುತ್ತಿತ್ತು. ಅದಕ್ಕೆ ಈಗ ಇನ್ನೊಂದು ಸಾಕ್ಷಿ ಸಿಕ್ಕಿತ್ತು, ಆ ಸಾಕ್ಷಿ ನಾನು.

ಇಚಲಕರಂಜಿಗೆ ಮರಳುವ ಬಸ್ಸಿನಲ್ಲಿ ಆ ಮೂರು ಉತ್ತರಗಳನ್ನೂ ಅವ್ವನಿಗೆ ಹೇಳತೊಡಗಿದೆ. ಎರಡನೆಯದು ಮುಗಿಯುವ ಮೊದಲೇ ಅವಳು ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು.