ಕೇರುಬೀಜ ಕಟ್ಟಿದ ಕಾಲು

ಮೊಮ್ಮಗಳು ಆ ದಿನ ಮೊದಲ ಸಲ ದೊಡ್ಡ ಕುದುರೆ ಹತ್ತುವವಳಿದ್ದಳು. ಕಲಿಸುವ ಸರ್ ನೋಡಿ ಒಪ್ಪಿದರೆ ಆ ಕುದುರೆ ಅವಳ ಕೈಗೆ ಬರುತ್ತಿತ್ತು. ಒಪ್ಪದಿದ್ದರೆ ಇನ್ನೊಂದು ವರ್ಷ ಸಣ್ಣ ಕುದುರೆಗಳೇ ಗತಿ. ದೇವದುರ್ಗದಲ್ಲಿ ಬಸ್ಸು ಹತ್ತಿದಾಗಿನಿಂದ ನನಗೆ ಸಂತೋಷ ಹಿಡಿದಿಟ್ಟುಕೊಳ್ಳಲು ಆಗುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಹೆಣ್ಣುಮಗಳಿಗೆ ಹೇಳಿದೆ, ಕಂಡಕ್ಟರನಿಗೆ ಹೇಳಿದೆ, ಹಿಂದಿನ ಸೀಟಿನವರು ಕೇಳದಿದ್ದರೂ ಹೇಳಿದೆ. ಹೇಳಿದ ಮೇಲೆ, ಇಷ್ಟು ಜನರ ಬಾಯಿಗೆ ಕೂಸನ್ನು ಯಾಕೆ ಹಾಕಿದೆ ಅನ್ನಿಸಿತು.

ನಮ್ಮಲ್ಲಿ ಹೊಸ ಎತ್ತಿಗೆ, ಚೊಚ್ಚಲು ಈದ ಆಕಳಿಗೆ ಕಣ್ಣು ತಾಗಬಾರದೆಂದು ಕರಿ ದಾರದಲ್ಲಿ ಕೇರುಬೀಜ ಕಟ್ಟುತ್ತೇವೆ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿ ಬೀಜ ಅದು. ಒಳಗಿನ ಎಣ್ಣೆ ಮೈಗೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ, ಅದಕ್ಕೇ ಕೊರಳಲ್ಲಿ ಸಡಿಲವಾಗಿ ಜೋಲುವಂತೆ ಕಟ್ಟುವುದು. ಹಿಂದಿನ ಸಂಜೆಯೇ ಸೂಜಿ ಕಾಯಿಸಿ ಒಂದು ಬೀಜ ಚುಚ್ಚಿ ದಾರ ಪೋಣಿಸಿ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಿದ್ದೆ. ಆ ಕುದುರೆಗಾಗಿ.

ರಾಯಚೂರು ದಾಟಿ ಮಾನ್ವಿ ರಸ್ತೆಯಲ್ಲಿ ಇಳಿದೆ. ಅಳಿಯ ಅಲ್ಲಿಯ ಸವಾರಿ ಕಲಿಸುವ ಫಾರಂನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದವನು, ಗೇಟಿನಲ್ಲೇ ನಿಂತಿದ್ದ. ಮೊಮ್ಮಗಳು ಅಲ್ಲೇ ಬೆಳೆದು ಅಲ್ಲೇ ಕಲಿತಳು.

ಅಂಥ ಜಾಗ ನಾನು ನೋಡಿರಲಿಲ್ಲ. ಕುದುರೆ ನಡೆಯುವ ದಾರಿ ಬೇರೆ, ಮೇವಿನ ಬಂಡಿಯ ದಾರಿ ಬೇರೆ, ಎರಡೂ ಎಲ್ಲಿಯೂ ಕೂಡುವುದಿಲ್ಲ. ಗೋಡೆಗೆ ಚೂಪು ಮೂಲೆ ಇಲ್ಲ. ಬಾಗಿಲೆಲ್ಲ ಹೊರಗೆ ತೆರೆಯುತ್ತವೆ. ಒಂದು ಕುದುರೆಗೆ ಇನ್ನೊಂದರ ಮುಖ ಕಾಣುವಂತೆ ಕಿಟಕಿ ಇಟ್ಟಿದ್ದಾರೆ. ಮರಳು ಹಾಸಿದ ಉದ್ದನೆಯ ಅಂಗಳ, ಒಂದು ಬದಿಗೆ ಆಳೆತ್ತರದ ಕನ್ನಡಿ, ಸುತ್ತ ಒಂದೊಂದು ಅಕ್ಷರದ ಬಿಳಿ ಹಲಗೆ. ಕುದುರೆ ಬೆದರಬಾರದೆಂದು ಯಾರೋ ಕೂತು ಒಂದೊಂದನ್ನೂ ಯೋಚಿಸಿ ಕಟ್ಟಿದ್ದರು. ಆದರೆ ಅಷ್ಟು ಪ್ರಾಣಿಗಳಿದ್ದೂ ಸದ್ದೇ ಇಲ್ಲ. ಆ ಮೌನ ನನಗೆ ಸೇರಲಿಲ್ಲ.

"ಓಡಿಸೂದಲ್ಲ ಅಜ್ಜಿ ಇದು," ಎಂದಳು ಮೊಮ್ಮಗಳು, ಮೊಣಕಾಲುದ್ದದ ಬೂಟು ಎಳೆದುಕೊಳ್ಳುತ್ತ. "ಡ್ರೆಸಾಜ್ ಅಂತಾರ. ನಾ ಬಾಯಿ ಬಿಡಬಾರದು, ಕುದುರಿ ನಾ ಅಂದಂಗ ಹೆಜ್ಜಿ ಹಾಕಬೇಕು."

"ನೀ ಬಾಯಿ ಬಿಡದ ಇರೂದು ಅಂದ್ರ ಆಗೂ ಮಾತಲ್ಲ ಬಿಡು."

"ನಿನ್ನ ಮೊಮ್ಮಗಳಲ್ಲೇನು, ಕಷ್ಟ ಅದ," ಎಂದು ನಕ್ಕು ಹೆಲ್ಮೆಟ್ ತರಲು ಹೋದಳು.

ಕುದುರೆ ಕಪ್ಪು ಹೆಣ್ಣು, ನನ್ನ ತಲೆಗಿಂತ ಅದರ ಬೆನ್ನು ಎತ್ತರ. ಅಳಿಯ ಅದರ ಮುಂಗಾಲುಗಳಿಗೆ ಬಿಳಿ ಪಟ್ಟಿ ಸುತ್ತುತ್ತಿದ್ದ. ಎಡಗಾಲಿನದು ಅರ್ಧಕ್ಕೆ ಬಂದಾಗ ಯಾರೋ ಕರೆದರು. "ಅತ್ತಿ, ಇದರ ತುದಿ ಹಿಡೀರಿ, ಬಂದೆ," ಎಂದು ಹೋದ. ನಾನು ಎತ್ತಿನ ಕಾಲುಗಳ ನಡುವೆ ಬೆಳೆದವಳು, ಹೆದರಿಕೆ ಇರಲಿಲ್ಲ. ಕೊರಳಿಗೆ ಕಟ್ಟಿದರೆ ಕಂಡು ಬಿಚ್ಚಿಸುತ್ತಾರೆಂದು ಬೀಜವನ್ನು ಕಾಲಿಗೇ ಕಟ್ಟಿ ಮೇಲೆ ಒಂದು ಸುತ್ತು ಪಟ್ಟಿ ಎಳೆದೆ. ಗಟ್ಟಿ ಸಿಪ್ಪೆ, ಅಷ್ಟು ಹೊತ್ತಿಗೆ ಒಡೆಯಲಿಕ್ಕಿಲ್ಲ ಅಂದುಕೊಂಡೆ. ಅಳಿಯ ಬಂದು ಉಳಿದದ್ದನ್ನು ಬಿಗಿಯಾಗಿ ಸುತ್ತಿದ. ನಾನು ಕೈ ಮುಗಿದೆ.

ಮೊಮ್ಮಗಳು ಹತ್ತಿದಳು. ಸರ್ ಮರಳಿನ ಅಂಚಿನಲ್ಲಿ ನಿಂತು, "ಅಮ್ಮಾ, ಇಲ್ಲಿ ಕುಂಡ್ರಿ. ಏನಾದ್ರೂ ಚೀರಬ್ಯಾಡ್ರಿ, ಕುದುರಿ ಬೆದರ್ತದ," ಎಂದು ಬೆಂಚು ತೋರಿಸಿದರು.

ಆ ಮೊದಲ ಸುತ್ತುಗಳನ್ನು ಹೇಗೆ ಹೇಳಲಿ. ಕೂಸಿನ ಕೈ ಅಲುಗಲಿಲ್ಲ, ಬೆನ್ನು ಬಾಗಲಿಲ್ಲ, ಕುದುರೆ ನೀರಿನ ಮೇಲೆ ನಡೆದಂತೆ ನಡೆಯಿತು. ಕನ್ನಡಿಯಲ್ಲಿ ಇನ್ನೊಬ್ಬಳು ಮೊಮ್ಮಗಳು ಜೊತೆಗೆ ಬರುತ್ತಿದ್ದಳು. ಇಬ್ಬರನ್ನೂ ನೋಡಲು ನನಗೆ ಕಣ್ಣು ಸಾಲಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಕೂತೆ.

ಆಮೇಲೆ ಕುದುರೆಯ ಕಿವಿ ಹಿಂದಕ್ಕೆ ಮಲಗಿದವು. ನೊಣವಿಲ್ಲದೆ ಬಾಲ ಬೀಸಿತು. ಎಡಗಾಲು ನೆಲಕ್ಕೆ ತಾಗಿದ ಕೂಡಲೇ ಎತ್ತತೊಡಗಿತು.

"ಯಾಕೋ ಎಡಗಾಲು ಸರಿ ಕಾಣವಲ್ದು," ಎಂದರು ಸರ್.

"ಮುಂಜಾನಿ ಭೇಷ್ ಇತ್ರಿ ಸರ," ಎಂದ ಅಳಿಯ. ಅವನ ಮುಖ ಸಣ್ಣದಾಯಿತು.

ನನ್ನ ಹೆಬ್ಬೆರಳು ಉರಿಯುತ್ತಿತ್ತು. ಬೆಳಗ್ಗೆಯಿಂದ ನವೆ ಇತ್ತು, ಲಕ್ಷ್ಯ ಕೊಟ್ಟಿರಲಿಲ್ಲ. ಈಗ ನೋಡಿದರೆ ಬೀಜ ಚುಚ್ಚಿದ ಕೈಯ ಹೆಬ್ಬೆರಳಿನಲ್ಲಿ ನೀರು ತುಂಬಿದ ಬೊಬ್ಬೆ. ಒಂದು ಹನಿ ತಾಗಿದ್ದಕ್ಕೆ ಇದು. ಅಲ್ಲಿ ಪಟ್ಟಿಯ ಒಳಗೆ ಇಡೀ ಬೀಜ, ಕಲ್ಲಿನ ಹಾಗೆ ನರಕ್ಕೆ ಒತ್ತಿಕೊಂಡು, ಹೆಜ್ಜೆ ಹೆಜ್ಜೆಗೂ ಎಣ್ಣೆ ಬಿಡುತ್ತಿದೆ. ಮೇಲೆ ನನ್ನ ಕೂಸು.

ಚೀರಬಾರದು. ಎದ್ದು ನಡೆದೆ. ಹತ್ತು ಹೆಜ್ಜೆಯ ದೂರ, ಕಾಲು ಮರಳಿನಲ್ಲಿ ಹೂತು ಬರುತ್ತಿರಲಿಲ್ಲ. ಹೇಳಿದರೆ ಅಳಿಯನ ಕೆಲಸ ಹೋಗಬಹುದು ಎಂಬುದೂ ಆ ಹತ್ತು ಹೆಜ್ಜೆಯಲ್ಲೇ ತಲೆಗೆ ಬಂತು.

"ಸರ, ಕೂಸಿನ್ನ ಇಳಸ್ರಿ. ಪಟ್ಟಿ ಒಳಗ ನಾ ಕೇರುಬೀಜ ಕಟ್ಟೀನಿ. ಅಳಿಯಗ ಗೊತ್ತಿಲ್ಲ."

ಅವರು ನನ್ನತ್ತ ತಿರುಗಲಿಲ್ಲ, ನಿಲ್ಲಿಸಲು ಮೊಮ್ಮಗಳಿಗೆ ಕೈ ಎತ್ತಿದರು. ಅಷ್ಟರಲ್ಲಿ ಕುದುರೆ ಮುಂಗಾಲು ಎರಡೂ ಎತ್ತಿ ನಿಂತಿತ್ತು. ಮೊಮ್ಮಗಳು ಅದರ ಕೊರಳಿಗೆ ಒರಗಿ, ಲಗಾಮು ಸಡಿಲು ಬಿಟ್ಟು, ಕಾಯ್ದಳು. ಕಾಲು ಕೆಳಗೆ ಬಂದವು. ಅವಳು ಜಾರಿ ಇಳಿದಳು.

"ನಾ ಕೈ ಎತ್ತೂದು ಕಂಡಿತ್ತೇನು ನಿನಗ?" ಎಂದು ಸರ್ ಕೇಳಿದರು.

"ಇಲ್ರಿ ಸರ. ಆಕಿಗೆ ನೋವಾಗೂದು ಗೊತ್ತಾತು, ಇಳಿಯಾಕ ಜಾಗ ನೋಡಾಕತ್ತಿದ್ದೆ."

ಸರ್ ಕುದುರೆಯ ಎಡಗಾಲಿನತ್ತ ನೋಡಿದರು. "ಕಾಲು ವಾಸಿ ಆದ್ರ ಆಕೀನ ನಿನಗ ಕೊಡ್ತೀನಿ," ಎಂದರು. "ವಾಸಿ ಆದ್ರ ಮಾತ್ರ. ಅದು ನನ್ನ ಕೈಯಾಗಿಲ್ಲ."

ಪಟ್ಟಿ ಬಿಚ್ಚಿದಾಗ ಬೀಜ ಒಡೆದಿತ್ತು, ಕೂದಲು ಕರಿ ಎಣ್ಣೆಯಲ್ಲಿ ಅಂಟಿ ಚರ್ಮ ಉಬ್ಬಿತ್ತು. ಮೊಮ್ಮಗಳು ಬರಿಗೈ ಚಾಚಿದಳು.

"ಮುಟ್ಟಬ್ಯಾಡ ಬೇ. ಮೊದಲ ಕೊಬ್ಬರಿ ಎಣ್ಣಿ ತರ್ರಿ, ನೀರು ಆಮ್ಯಾಲ. ನನ್ನ ಕೈ ಹೆಂಗೂ ಸುಟ್ಟದ, ನಾ ಒರಸ್ತೀನಿ."

"ಒದ್ದೀತು ಅಜ್ಜಿ."

"ಒದೀಲಿ."

ಅವಳು ಕುದುರೆಯ ತಲೆ ಹಿಡಿದು ನಿಂತಳು. ನಾನು ಗೊರಸಿನ ಬುಡದಲ್ಲಿ ಕೂತು ಅರಿವೆಗೆ ಎಣ್ಣೆ ಹಾಕಿಕೊಂಡು ಉಬ್ಬಿದ ಜಾಗ ಮುಟ್ಟಿದೆ. ಕಾಲು ಮೇಲೆದ್ದು ನನ್ನ ಕಿವಿಯ ಪಕ್ಕದಲ್ಲಿ ನಿಂತಿತು. ಅದು ಎಲ್ಲಿ ಇಳಿಯುತ್ತದೋ ಎಂದು ಎಲ್ಲರೂ ಕಾಲನ್ನೇ ನೋಡಿದರು. ಮೊಮ್ಮಗಳು ಮಾತ್ರ ಅದರ ಹಣೆಗೆ ಹಣೆ ಹಚ್ಚಿ, ತುಟಿ ಅಲುಗಿಸದೆ ನಿಂತಿದ್ದಳು.