ರೋಸ್ವಿಟಾಳ ಹಳದಿ ಸಸಿಗಳು

"ನೀರು ಜಾಸ್ತಿ ಆಯ್ತು ಅಂದೆ, ಕಮ್ಮಿ ಮಾಡ್ದೆ. ದೀಪ ಹತ್ರ ಆಯ್ತು ಅಂದೆ, ಎತ್ತಿ ಕಟ್ದೆ. ಎತ್ತಿ ಕಟ್ಟಿದ್ಕೆ ಮೂರೂ ಸಸಿ ಬಾತುಕೋಳಿ ಥರ ಕತ್ತು ಚಾಚ್ಕೊಂಡು ನಿಂತ್ವು, ಮತ್ತೆ ಇಳಿಸ್ದೆ. ಬಣ್ಣದ ಮೀನು ಮಾರೋ ಅಂಗಡಿಗೆ ಹೋಗಿ ನೀರಿನ ಹುಳಿ ನೋಡೋ ಪಟ್ಟಿ ತಂದೆ, ನೀರು ಸರಿಯಾಗೇ ಇದೆ. ಬುಡಕ್ಕೆ ಕಾಫಿ ಚರಟ ಹಾಕಿದ್ದು ತಪ್ಪು ಅಂದೆ, ಚಮಚದಲ್ಲಿ ಕೆರೆದು ತೆಗ್ದೆ. ಇನ್ನೇನು ಮಾಡ್ಲಿ, ಜೋಗುಳ ಹಾಡ್ಲಾ? ಇಷ್ಟು ವರ್ಷ ಟ್ರಾಮ್ ಓಡಿಸಿದೀನಿ, ಒಂದು ನಾಯಿ ಬಾಲಾನೂ ತುಳಿದಿಲ್ಲ. ನನ್ನ ಬಾಲ್ಕನಿ ಟೊಮೇಟೊ ನೋಡೋಕೆ ಪಕ್ಕದ ಬೀದಿಯವ್ರು ಬಂದು ನಿಲ್ತಾರೆ. ಈ ಮೂರು ಕಡ್ಡಿ ನನ್ನ ಮಾನ ಕಳೀತಾ ಇವೆ. ಅದ್ರ ಮೇಲೆ ನೀನು ಮೇಲಿನ ಮನೆಗೆ ಹೋಗಿ ಬಂದು, ಅವಳ ಗಿಡದ ಎಲೆ ಹಿಂಗಿದೆ, ಹಂಗಿದೆ ಅಂತ ಹೇಳ್ಬೇಡ. ಅವಳ ಎಲೆ ಸುದ್ದಿ ನಂಗೆ ಬೇಡ."

ರೋಸ್ವಿಟಾ ಇಷ್ಟನ್ನೂ ಗಂಡ ಲೋಥರನಿಗೆ ಹೇಳಿದ್ದು ಬೆಳಗಿನ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ. ಬೆಣ್ಣೆ ಒಂದೇ ಮೂಲೆಯಲ್ಲಿ ಗುಡ್ಡೆಯಾಗಿತ್ತು. ಲೋಥರ್ ಅದನ್ನೇ ತಿಂದ.

ಜರ್ಮನಿಯ ಹಾಲೆ ಊರಿನ ಅಂಚಿನಲ್ಲಿ, ಒಂದರ ಪಕ್ಕ ಒಂದು ಪೆಟ್ಟಿಗೆ ಜೋಡಿಸಿಟ್ಟಂಥ ಕಾಂಕ್ರೀಟು ಕಟ್ಟಡಗಳಿವೆ. ಅಂಥದೊಂದರ ಎರಡನೇ ಮಹಡಿ ಈ ಕ್ಯೂನೆ ದಂಪತಿಯದು. ಲೋಥರ್ ಹೆಂಚು ಹೊದಿಸುವ ಕೆಲಸದಲ್ಲಿದ್ದವನು. ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದಾಗಿನಿಂದ ಅವನ ಎಡಗಾಲಿನ ನರ ಹೇಳಿದ ಮಾತು ಕೇಳುವುದಿಲ್ಲ. ನೋವಿನ ಮಾತ್ರೆ ನುಂಗಿದರೆ ಹೊಟ್ಟೆ ಉರಿ, ನುಂಗದಿದ್ದರೆ ನಿದ್ದೆಯಿಲ್ಲ. ದೊಡ್ಡವರಾದವರು ತಮ್ಮ ಮನೆಯಲ್ಲಿ ತಮ್ಮ ಬಳಕೆಗೆ ಮೂರು ಗಾಂಜಾ ಗಿಡ ಬೆಳೆದುಕೊಳ್ಳಬಹುದು ಎಂದು ಕಾನೂನು ಬಂದ ಮೇಲೆ, ಅವನು ಮೂರು ಬೀಜ ತರಿಸಿದ. ಆದರೆ ಕುಂಡಕ್ಕೆ ಮಣ್ಣು ತುಂಬಿದ್ದು ರೋಸ್ವಿಟಾ. ನಿನ್ನ ಕೈಯಲ್ಲಿ ಕಳ್ಳಿಗಿಡವೂ ಸತ್ತಿತ್ತು ಎಂದು ಅವನನ್ನು ಪಕ್ಕಕ್ಕೆ ಸರಿಸಿದ್ದಳು. ಇಸ್ತ್ರಿ ಮೇಜು ಇಡುತ್ತಿದ್ದ ಚಿಕ್ಕ ಕೋಣೆಯಲ್ಲಿ ಆಳೆತ್ತರದ ಕಪ್ಪು ಬಟ್ಟೆಯ ಡೇರೆ ನಿಂತಿತು. ಒಳಗೆ ದೀಪ, ಕೆಳಗೆ ನೆಲದ ಮೇಲೆ ಮೂರು ಕುಂಡ.

ಮೇಲಿನ ಮನೆಯ ವಿಧವೆ ಫ್ರೌ ಹೆನ್ಶೆಲ್‌ಗೆ ಕೈಬೆರಳಿನ ಗಂಟುನೋವು. ಅವಳೂ ಅದೇ ಅಂಗಡಿಯಿಂದ ಅದೇ ಬೀಜ ತರಿಸಿದಳು. ಒಂದೇ ಮೆಟ್ಟಿಲು ಹತ್ತಿಳಿದು ಇಷ್ಟು ಕಾಲವಾದರೂ ಈ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಶ್ರೀಮತಿ ಎಂಬರ್ಥದ "ಫ್ರೌ" ಮತ್ತು "ನೀವು" ಬಿಟ್ಟು ಹತ್ತಿರ ಬಂದವರಲ್ಲ. ಅದಕ್ಕೆ ಕಾರಣ ಕಿಟಕಿ. ಅಲ್ಲಿಯ ಜನ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಹೊರಗೆ ಹಿಮ ಬೀಳುತ್ತಿದ್ದರೂ ಸರಿ, ಮನೆಯ ಕಿಟಕಿಗಳನ್ನೆಲ್ಲ ಪೂರ್ತಿ ತೆರೆದು ಹಳೆಯ ಗಾಳಿಯನ್ನು ಹೊರದಬ್ಬುತ್ತಾರೆ. ಬಾಡಿಗೆ ಕರಾರಿನಲ್ಲೂ ಅದು ಬರೆದಿರುತ್ತದೆ. ರೋಸ್ವಿಟಾಗೆ ಅದು ಹಲ್ಲುಜ್ಜಿದಷ್ಟೇ ಕಡ್ಡಾಯ. ಫ್ರೌ ಹೆನ್ಶೆಲ್ ಮಾತ್ರ ಚಳಿಗಾಲವಿಡೀ ಕಿಟಕಿ ಮುಚ್ಚಿ, ಹೀಟರು ಹಾಕಿ, ನಿನ್ನೆಯ ಈರುಳ್ಳಿ ವಾಸನೆಯಲ್ಲೇ ಕೂತಿರುವವಳು. ಅವಳ ಮನೆಯ ಗೋಡೆಮೂಲೆಯಲ್ಲಿ ಬೂಷ್ಟು ಹಿಡಿದಿದೆ ಎಂಬುದು ಇಡೀ ಕಟ್ಟಡಕ್ಕೆ ಗೊತ್ತು. ಗೊತ್ತು ಮಾಡಿಸಿದ್ದು ರೋಸ್ವಿಟಾ.

ಅಂಥವಳ ಸಸಿಗಳು ಸರಸರ ಮೇಲೇಳುತ್ತಿದ್ದವು.

ಲೋಥರ್ ಒಂದು ದಿನ ಅವಳ ದೀಪದ ತಂತಿ ಸರಿಮಾಡಿಕೊಡಲು ಹೋದ. ಆಮೇಲೆ ದಿನವೂ ಸಂಜೆಯ ಕಾಫಿ ಕುಡಿದು ಗಿಡ ನೋಡಿ ಬರುವುದು ರೂಢಿಯಾಯಿತು. ಖಾಲಿ ಬಾಟಲಿಗಳನ್ನು ಕೆಳಗಿನ ತೊಟ್ಟಿಗೆ ಹಾಕಿ ಬಾ ಎಂದರೆ ನೋಯುವ ಕಾಲು ಮೇಲಿನ ಮೆಟ್ಟಿಲು ಹತ್ತುವಾಗ ನೋಯುತ್ತಿರಲಿಲ್ಲ. ಅಡುಗೆಮನೆಯಲ್ಲಿ ಕೂತ ರೋಸ್ವಿಟಾಗೆ ತಲೆಯ ಮೇಲೆ ಇಬ್ಬರ ಹೆಜ್ಜೆ ಕೇಳುತ್ತಿತ್ತು. ಒಂದು ಭಾರದ್ದು, ಒಂದು ಚಪ್ಪಲಿ ಎಳೆಯುವಂಥದ್ದು. ಎರಡೂ ಒಂದೇ ಕಡೆ ನಿಂತುಬಿಟ್ಟರೆ ಅವಳ ಕೈಯ ಬಟ್ಟಲು ಸಿಂಕಿಗೆ ಜೋರಾಗಿ ತಗುಲುತ್ತಿತ್ತು. ಅವನು ಇಳಿದು ಬಂದು, ಅಲ್ಲಿಯ ಎಲೆಗಳು ಅಂಗೈ ಅಗಲ ಆಗಿವೆ ಎಂದು ತನ್ನ ಅಂಗೈಯನ್ನೇ ಬಿಡಿಸಿ ತೋರಿಸುತ್ತಿದ್ದ. ಆ ಅಂಗೈ ಕಂಡರೇ ಅವಳಿಗೆ ಮೈಯುರಿ.

ಜನವರಿ ಕೊನೆಯ ಹೊತ್ತಿಗೆ ಅವಳ ಸಸಿಗಳ ಕೆಳಗಿನ ಎಲೆಗಳು ಬೇಯಿಸಿದ ಎಲೆಕೋಸಿನಂತೆ ಹಳದಿಯಾದವು. ಕಾಂಡ ನೇರಳೆಗೆ ತಿರುಗಿತು. ನೆತ್ತಿಯ ಹೊಸ ಚಿಗುರು ತೊಗರಿಬೇಳೆಯಷ್ಟು ಬಂದು ಅಲ್ಲೇ ನಿಂತಿತು. ಪಾಪ, ಉಸಿರುಕಟ್ಟಿರಬೇಕು ಎಂದುಕೊಂಡು, ಬೆಳಿಗ್ಗೆ ಸಂಜೆ ಕಿಟಕಿ ತೆರೆದಾಗ ಡೇರೆಯ ಜಿಪ್ಪನ್ನೂ ಮೇಲಿನಿಂದ ಕೆಳಗಿನವರೆಗೆ ಬಿಚ್ಚಿಡತೊಡಗಿದಳು. ಮೇಲಿನವಳು ತನ್ನ ಗಿಡಗಳಿಗೆ ಕೊಡದ ಒಂದೇ ಒಂದು ಸುಖವನ್ನು ತಾನು ಕೊಡುತ್ತಿದ್ದೇನೆ ಎಂಬ ಸಮಾಧಾನ ಅದರಲ್ಲಿತ್ತು.

ಒಂದು ಗುರುವಾರ ಲೋಥರ್ ಮಾತು ತೆಗೆದ. ಫ್ರೌ ಹೆನ್ಶೆಲ್ ಮನೆಯಲ್ಲಿ ಒಂದು ಕೋಣೆ ಖಾಲಿ ಬಿದ್ದಿದೆಯಂತೆ. ಭಾನುವಾರ ಡೇರೆಯನ್ನು ಮೇಲಕ್ಕೆ ಸಾಗಿಸೋಣ ಎಂದ.

"ಅವರವರ ಗಿಡ ಅವರವರ ಮನೇಲಿ ಇರ್ಬೇಕು ಅಂತ ಕಾನೂನಿದೆ," ಎಂದಳು ರೋಸ್ವಿಟಾ.

"ಇಲ್ಲಿ ಕಾನೂನು ಪ್ರಕಾರ ಸಾಯ್ತಾ ಇವೆಯಲ್ಲ. ಅಲ್ಲಾದ್ರೂ ಬದುಕ್ಲಿ ಬಿಡು."

"ನೀರು ಹಾಕೋದು ಯಾರು?"

"ನಾನೇ ಬೆಳಿಗ್ಗೆ ಸಂಜೆ ಹೋಗಿ ಬರ್ತೀನಿ."

ಬೆಳಿಗ್ಗೆಯೂ, ಸಂಜೆಯೂ. ಡೇರೆ ಮೇಲೇರಿದರೆ ಗಂಡನೂ ಅದರ ಜೊತೆಗೇ ಏರುತ್ತಾನೆ, ತನಗೆ ಉಳಿಯುವುದು ಇಸ್ತ್ರಿ ಮೇಜು ಎಂಬುದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮಾರನೆಯ ದಿನ ಫ್ರೌ ಹೆನ್ಶೆಲ್ ಬಂದು ಬಾಗಿಲು ತಟ್ಟಿದಳು. ತಂಗಿಯ ಮನೆಗೆ ಹೋಗಿ ಭಾನುವಾರ ಬರುತ್ತಾಳಂತೆ, ಗಿಡಗಳಿಗೆ ಒಂದು ಲೋಟ ನೀರು ಹನಿಸಬೇಕಿತ್ತಂತೆ. ಬೀಗದ ಕೈಗೆ ಲೋಥರ್ ಕೈಚಾಚುವಷ್ಟರಲ್ಲಿ ರೋಸ್ವಿಟಾ ಇಸಿದುಕೊಂಡಾಗಿತ್ತು.

"ನಿಮ್ಮ ಕೈಗುಣ ಗೊತ್ತಲ್ಲ, ಫ್ರೌ ಕ್ಯೂನೆ. ನಂಗೇನೂ ಯೋಚ್ನೆ ಇಲ್ಲ," ಎಂದಳು ಫ್ರೌ ಹೆನ್ಶೆಲ್.

ಅದು ಮೆಚ್ಚುಗೆಯೋ ಚುಚ್ಚೋ ಎಂದು ರೋಸ್ವಿಟಾ ಆ ದಿನವೆಲ್ಲ ತೂಗಿ ನೋಡಿ, ಚುಚ್ಚೇ ಎಂದು ತೀರ್ಮಾನಿಸಿದಳು.

ಶನಿವಾರ ಬೆಳಿಗ್ಗೆ ಮೇಲೆ ಹೋಗಿ ಬಾಗಿಲು ತೆಗೆದಳು. ಬಿಸಿ, ಈರುಳ್ಳಿ, ಉಣ್ಣೆ ಬಟ್ಟೆಯ ವಾಸನೆ ಎಲ್ಲ ಸೇರಿ ಮುಖಕ್ಕೆ ರಾಚಿತು. ಕೋಣೆ ದಾಟಿ ಕಿಟಕಿಯನ್ನು ಪೂರ್ತಿ ತೆರೆದದ್ದು ಅವಳಲ್ಲ, ಅವಳ ಕೈ. ಆಮೇಲೆ ತಿರುಗಿ ನೋಡಿದಳು. ಕಿಟಕಿಯ ಪಕ್ಕದ ಹಲಗೆಯ ಮೇಲೆ, ದೀಪದ ಕೆಳಗೆ, ಮೂರು ಸಸಿಗಳು ಎಲೆಯ ಮೇಲೆ ಎಲೆ ಹಾಕಿ, ಹಸಿರು ತುಳುಕಿಸಿಕೊಂಡು ನಿಂತಿದ್ದವು. ಲೋಥರನ ಅಂಗೈ ಸುಳ್ಳು ಹೇಳಿರಲಿಲ್ಲ.

ಇದರಲ್ಲಿ ಏನೋ ಗುಟ್ಟಿರಲೇಬೇಕು. ಸಿಂಕಿನ ಕೆಳಗೆ ಮಂಡಿಯೂರಿ ಬಾಟಲಿಗಳನ್ನು ಮೂಸಿದಳು. ಬರೀ ಪಾತ್ರೆ ತೊಳೆಯುವ ಸೋಪು, ವಿನೆಗರು. ಮಣ್ಣಿನ ಚೀಲ ಹುಡುಕಿ ತೆಗೆದಳು. ತಾನು ತಂದ ಅಂಗಡಿಯದೇ. ನೀರು ಒಂದೇ ಕೊಳಾಯಿಯದು, ಬೀಜ ಒಂದೇ ಕಡೆಯದು. ಹಾಗಾದರೆ ಅವಳ ಕೈಯಲ್ಲಿದ್ದು ನನ್ನ ಕೈಯಲ್ಲಿ ಇಲ್ಲದ್ದು ಏನು ಎಂದು ಅಳು ಬರುವಷ್ಟು ಸಿಟ್ಟು ಬಂತು. ಮಂಡಿ ಹಿಡಿದುಕೊಂಡು ಏಳುವಾಗ ತನ್ನ ಉಸಿರು ಬಿಳಿಯ ಹೊಗೆಯಾಗಿ ಬರುತ್ತಿರುವುದನ್ನು ಕಂಡಳು. ಹಲಗೆಯ ಕಡೆ ನೋಡಿದರೆ, ಬಿಡಿಸಿದ ಅಂಗೈಯಂತಿದ್ದ ಎಲೆಗಳು ಒದ್ದೆ ಕೈಗವಸಿನ ಹಾಗೆ ಜೋತುಬಿದ್ದಿದ್ದವು.

ಅವಳು ಕಿಟಕಿ ನೋಡಿದಳು, ಸಸಿ ನೋಡಿದಳು. ಮೇ ತಿಂಗಳ ನಡುವೆ ಕೊನೆಯ ಹಿಮ ಬೀಳುವ, ಅಲ್ಲಿಯವರು ಶೀತದ ಸಂತರ ದಿನಗಳೆನ್ನುವ ಆ ನಾಲ್ಕಾರು ದಿನ ಕಳೆಯುವವರೆಗೆ ಒಂದು ಟೊಮೇಟೊ ಸಸಿಯನ್ನೂ ಬಾಲ್ಕನಿಗೆ ಇಳಿಸದವಳು ಅವಳು. ನಾಲ್ಕು ದಿನ ಮುಂಚೆ ಇಳಿಸಿದವರನ್ನು ಕಂಡು ನಗುವವಳು. ಅವಳೇ ಮಂಜುಗಡ್ಡೆಯಂಥ ಜನವರಿಯನ್ನು ದಿನಕ್ಕೆರಡು ಸಲ ಕಿಟಕಿ ತೆರೆದು ಮನೆಯೊಳಗೆ ಕರೆದು, ತಣ್ಣನೆಯ ಸಿಮೆಂಟು ನೆಲದ ಮೇಲಿದ್ದ ಎಳೆಬೇರಿನ ಮೇಲೆ ಕೂರಿಸಿದ್ದಳು. ಬೇರು ಮರಗಟ್ಟಿದ ಮೇಲೆ ಏನು ಉಣಿಸಿದರೆ ತಾನೇ ಮೇಲೇರೀತು?

ಕಿಟಕಿಯ ಹಿಡಿ ಅವಳ ಕೈಯಲ್ಲಿತ್ತು. ಹಾಗೇ ಬಿಟ್ಟು ಕೆಳಗೆ ಹೋಗಿ ಒಂದು ಕಾಫಿ ಕುಡಿದು ಬಂದರೂ ಸಾಕಿತ್ತು, ಈ ಸಸಿಗಳೂ ಸತ್ತು, ಭಾನುವಾರ ಡೇರೆ ಮೇಲಕ್ಕೆ ಹೊರಲು ಯಾರಿಗೂ ಕಾರಣ ಉಳಿಯುತ್ತಿರಲಿಲ್ಲ. ನೋಡುವವರಿರಲಿಲ್ಲ, ಕೇಳುವವರಿರಲಿಲ್ಲ. ಚಳಿಗೆ ಬೆರಳು ಕೆಂಪಾಗುವವರೆಗೆ ಅವಳು ಹಾಗೇ ನಿಂತಿದ್ದಳು. ಆಮೇಲೆ ಕಿಟಕಿ ಹಾಕಿ, ಹೀಟರು ಏರಿಸಿ, ನೀರನ್ನು ಬೆಚ್ಚಗೆ ಮಾಡಿ ಹನಿಸಿ, ಬೀಗ ಹಾಕಿ ಬಂದಳು.

ಕೆಳಗೆ ಬಂದವಳೇ ಚಿಕ್ಕ ಕೋಣೆಯ ಕಿಟಕಿ ಮುಚ್ಚಿದಳು. ಕಂಬಳಿ ಮಡಿಸಿ ನೆಲಕ್ಕೆ ಹಾಸಿ, ಮೇಲೆ ಹಲಗೆಯಿಟ್ಟು ಕುಂಡಗಳನ್ನು ಎತ್ತಿಟ್ಟಳು. ಮುಚ್ಚಿದ ಕಿಟಕಿ ನೋಡಿ ಲೋಥರ್ ಬಾಗಿಲಲ್ಲೇ ನಿಂತ.

"ಜ್ವರ ಗಿರ ಬಂದಿದ್ಯಾ ನಿಂಗೆ?"

"ಚಳಿ ತಿನ್ನಿಸಿದ್ದು ನಾನೇ," ಎಂದಳು, ಅವನ ಕಡೆ ತಿರುಗದೆ. "ನಾಳೆ ಡೇರೆ ಎತ್ಬೇಡ. ಹೊಸ ಎಲೆ ಬರುತ್ತಾ ನೋಡೋಣ. ಬರ್ಲಿಲ್ಲ ಅಂದ್ರೆ ನಾನೇ ಹೊತ್ಕೊಂಡು ಹೋಗಿ ಅವಳ ಕೋಣೇಲಿ ಇಟ್ಟು ಬರ್ತೀನಿ."

ಲೋಥರ್ ಕಂಬಳಿಯ ಒಂದು ಮೂಲೆ ಮಡಚಿಕೊಂಡಿದ್ದನ್ನು ಕಾಲಿನಿಂದ ಸರಿಮಾಡಿ, ಆಗಲಿ ಎಂದ.

ಭಾನುವಾರ ಸಂಜೆಯ ಹೊತ್ತಿಗೆ ಮೇಲಿನ ಮನೆಯ ಎರಡು ಸಸಿಗಳು ತಲೆಯೆತ್ತಿದ್ದವು. ಮೂರನೆಯದು ಇನ್ನೂ ಜೋತಿತ್ತು. ರೋಸ್ವಿಟಾ ಮೆಟ್ಟಿಲಲ್ಲೇ ಕಾದು ನಿಂತು ಬೀಗದ ಕೈ ಕೊಟ್ಟಳು.

"ಫ್ರೌ ಹೆನ್ಶೆಲ್, ನಿಮ್ಮ ಕಿಟಕಿ ತೆಗ್ದೆ. ತೆಗೆದಿದ್ದು ಅಭ್ಯಾಸಬಲ. ಮುಚ್ಚೋಕೆ ತಡ ಮಾಡಿದ್ದು ಅಭ್ಯಾಸ ಅಲ್ಲ. ಒಂದು ಗಿಡ ಇನ್ನೂ ಎದ್ದಿಲ್ಲ."

ಫ್ರೌ ಹೆನ್ಶೆಲ್ ಪ್ರಯಾಣದ ಚೀಲವನ್ನು ಮೆಟ್ಟಿಲ ಮೇಲಿಟ್ಟು ಅವಳ ಮುಖವನ್ನೇ ನೋಡಿದಳು.

"ಇಷ್ಟು ವರ್ಷದಿಂದ ಬಾಯಲ್ಲಿ ಹೇಳ್ತಿದ್ರಿ. ಕೊನೆಗೂ ಬಂದು ತೆಗೆದೇ ಬಿಟ್ರಿ," ಎಂದು, ಚೀಲವನ್ನು ಮತ್ತೆ ಎತ್ತಿಕೊಂಡು, "ನಿಮ್ಮವು ಹೇಗಿವೆ, ತೋರಿಸಿ," ಎಂದಳು.

ಬಂದು ನೋಡಿದಳು. ಹಳದಿಯಾದ ಎಲೆ ಮತ್ತೆ ಹಸಿರಾಗುವುದಿಲ್ಲ, ಅದು ಉದುರಲಿ, ನೆತ್ತಿಯನ್ನೇ ನೋಡುತ್ತಿರಿ ಎಂದಳು. ಮುಂದಿನ ವಾರದಲ್ಲಿ ನೆತ್ತಿಯ ತೊಗರಿಬೇಳೆ ಬಿರಿದು ಹಸಿರು ಎಲೆಯೊಂದು ಬೆರಳು ಬಿಡಿಸಿತು. ಅದರ ಹಿಂದೆ ಇನ್ನೊಂದು. ಮೇಲಿನ ಮೂರನೆಯದೂ ಬದುಕಿಕೊಂಡಿತು. ಡೇರೆ ಇದ್ದಲ್ಲೇ ಉಳಿಯಿತು. ರೋಸ್ವಿಟಾ ಉಳಿದ ಕೋಣೆಗಳ ಕಿಟಕಿಗಳನ್ನು ಎಂದಿನಂತೆ ತೆರೆಯುತ್ತಿದ್ದಳು, ಚಿಕ್ಕ ಕೋಣೆಯ ಬಾಗಿಲ ಸಂದಿಗೆ ಮಾತ್ರ ಟವೆಲು ತುರುಕಿ.

ಆದರೆ ಈಗ ಕಾಫಿಯ ಹೊತ್ತಿಗೆ ಲೋಥರ್ ಮೇಲೆ ಹೋಗುವ ಬದಲು ಫ್ರೌ ಹೆನ್ಶೆಲ್ ಕೆಳಗೆ ಬರುವುದು ರೂಢಿಯಾಯಿತು. ಅವಳಿಗೆ ಕುರ್ಚಿ ಎಳೆದುಕೊಡುವವನು ಲೋಥರ್. ಡೇರೆಯ ಮುಂದೆ ಎರಡು ಬಿಳಿ ತಲೆಗಳು ಒಟ್ಟಿಗೆ ಬಾಗುತ್ತಿದ್ದವು. ತನ್ನ ಎಲೆಗಳನ್ನೇ ಅವರು ಹೊಗಳುತ್ತಿದ್ದರೂ ರೋಸ್ವಿಟಾಗೆ ಎದೆಯೊಳಗೆ ಏನೋ ಗೀರಿದಂತಾಗುತ್ತಿತ್ತು. ಮೇಲಿನ ಹೆಜ್ಜೆ ಕೇಳುವುದಕ್ಕಿಂತ ಇದು ವಾಸಿಯೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ.

ಒಂದು ಸಂಜೆ ಅವಳು ಅಡುಗೆಮನೆಯಲ್ಲಿ ಸೂಪಿಗೆ ಆಲೂಗಡ್ಡೆ ಹೆರೆಯುತ್ತಿದ್ದಾಗ ಲೋಥರ್ ಬಾಗಿಲಲ್ಲಿ ತಲೆ ಹಾಕಿದ.

"ಊಟಕ್ಕೆ ಇಲ್ಲೇ ಇರಿ ಅಂತ ಅವ್ರಿಗೆ ಹೇಳ್ಲಾ?"

ರೋಸ್ವಿಟಾ ಆಲೂಗಡ್ಡೆ ಚೀಲದೊಳಗೆ ಕೈಹಾಕಿ, ಬಹಳ ಹೊತ್ತು ತಡಕಾಡಿ, ಮೂರನೆಯ ತಟ್ಟೆಗೆಂದು ಇದ್ದುದರಲ್ಲೇ ಚಿಕ್ಕವು ಎರಡನ್ನು ಆರಿಸಿ ತೆಗೆದು, ಸಿಪ್ಪೆ ಹೆರೆಯತೊಡಗಿದಳು.